ರಕ್ತನಾಳದ ಕೋಶಗಳ ಅಂಚಿಗೆ ಬಣ್ಣ ಹಾಕುವ ಮೊದಲು ಪಿಬಿಎಸ್ ಬಾಟಲಿ ನೋಡಿ

ಮೊದಲ ಸಲ ಈ ಸ್ಟೇನಿಂಗ್ (ಕೋಶಗಳ ಅಂಚಿನ ಪ್ರೋಟೀನ್‌ಗಳಿಗೆ ಹೊಳೆಯುವ ಬಣ್ಣ ಅಂಟಿಸುವುದು) ಮಾಡಿದಾಗ ಖುಷಿಯಿಂದ ಕುಣಿಯುವುದೊಂದು ಬಾಕಿ. ನಾನು ಪರೀಕ್ಷಿಸುತ್ತಿದ್ದ ಔಷಧ ಹಾಕಿದ ಕೋಶಗಳ ನಡುವೆ ಅಲ್ಲಲ್ಲಿ ದೊಡ್ಡ ಬಿರುಕು ಬಿಟ್ಟಿತ್ತು. ಆಮೇಲೆ ಔಷಧ ಹಾಕದ ಕವರ್‌ಸ್ಲಿಪ್ (ಕೋಶ ಬೆಳೆಸುವ ತೆಳು ಗಾಜಿನ ಚೂರು) ಇಟ್ಟು ನೋಡಿದೆ. ಅಲ್ಲೂ ಅಷ್ಟೇ ಬಿರುಕು! ನಾನು ತೊಳೆಯಲು ಬಳಸಿದ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇರಲಿಲ್ಲ, ಅಷ್ಟೇ ವಿಷಯ.

ರಕ್ತನಾಳದ ಒಳಪದರದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ವಿಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್. ಪಕ್ಕದ ಕೋಶದ ಇದೇ ಪ್ರೋಟೀನಿಗೆ ಕೈ ಚಾಚಿ ಹಿಡಿಯುತ್ತದೆ. ಕ್ಯಾಲ್ಸಿಯಂ ಹೋದರೆ ಆ ಕೈ ಸಡಿಲ. ನಡುವಿನ ಸಂದನ್ನು ಬಿಗಿಯಾಗಿ ಮುಚ್ಚುವುದು ಕ್ಲಾಡಿನ್-5. ಈ ಪ್ರೋಟೀನ್ ಇಲ್ಲದ ಇಲಿಮರಿಗಳ ಬಗ್ಗೆ 2003ರಲ್ಲಿ ವರದಿ ಬಂತು: ಸುಮಾರು 800 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ) ಚಿಕ್ಕ ಅಣುಗಳು ರಕ್ತದಿಂದ ಮೆದುಳಿಗೆ ಸೋರುತ್ತಿದ್ದವು, ಮರಿಗಳು ಹುಟ್ಟಿದ ದಿನವೇ ಸಾಯುತ್ತಿದ್ದವು. ಇವೆರಡನ್ನೂ ನೋಡುವುದು ಹೇಗೆ ಅಂತ ಹೇಳುತ್ತೇನೆ.

ಕೋಶಗಳು ಅಂಟಿಕೊಳ್ಳಲೆಂದು ಕವರ್‌ಸ್ಲಿಪ್‌ಗೆ ಫೈಬ್ರೊನೆಕ್ಟಿನ್ ಅಥವಾ ಜೆಲಟಿನ್ ಲೇಪಿಸಿ, ಕೋಶಗಳನ್ನು ದಟ್ಟವಾಗಿ ಬಿಡಿ. ತಟ್ಟೆ ತುಂಬಿದ ದಿನವೇ ಆತುರ ಬೇಡ. ವಿಇ-ಕ್ಯಾಡ್‌ಹೆರಿನ್ ಸರಿಯಾಗಿ ಕೂತ ಮೇಲೆಯೇ ಕ್ಲಾಡಿನ್-5 ಜಾಸ್ತಿಯಾಗುವುದು. ಹಾಗಾಗಿ ಇನ್ನೆರಡು ಮೂರು ದಿನ ಕಾಯಿರಿ. ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳಾದರೆ ಐದನೇ ಪ್ಯಾಸೇಜ್ (ಹೊಸ ತಟ್ಟೆಗೆ ಬದಲಿಸಿ ಬೆಳೆಸುವ ಸುತ್ತು) ದಾಟಿಸದಿರುವುದು ನನ್ನ ರೂಢಿ.

ಈಗ ತೊಳೆಯುವುದು. ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇರುವ ಪಿಬಿಎಸ್ ಅನ್ನು ಮೊದಲೇ 37 ಡಿಗ್ರಿಗೆ ಬಿಸಿ ಮಾಡಿಟ್ಟುಕೊಳ್ಳಿ. ಕ್ಯಾಲ್ಸಿಯಂ ಅನ್ನು ಹಿಡಿದು ಕಸಿಯುವ ಇಡಿಟಿಎ ಇರುವ ಬಾಟಲಿಯನ್ನು ಆ ಮೇಜಿನ ಮೇಲೆಯೇ ಇಡಬೇಡಿ. ಎರಡೂ ನೀರಿನಂತೆಯೇ ಕಾಣುತ್ತವೆ ಅಲ್ವಾ? ಪೈಪೆಟ್ ತುದಿಯನ್ನು ತಟ್ಟೆಯ ಗುಳಿಯ ಗೋಡೆಗೆ ಆನಿಸಿ ನಿಧಾನಕ್ಕೆ ಬಿಡಿ. ಕೋಶಗಳ ಮೇಲೆ ನೇರ ಸುರಿದರೆ ಪದರ ಹರಿದು, ಮಡಚಿದ ಬಟ್ಟೆಯಂತೆ ಒಂದು ಮೂಲೆಯಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಒಂದೇ ಸಲ ತೊಳೆದರೆ ಸಾಕು.

ಮುಂದಿನದು ಕೋಶಗಳನ್ನು ಇದ್ದ ಹಾಗೆಯೇ ಸ್ಥಿರಗೊಳಿಸುವುದು. ಕ್ಲಾಡಿನ್-5ಕ್ಕೆ ಮೈನಸ್ 20 ಡಿಗ್ರಿಯ ಮೆಥನಾಲ್‌ನಲ್ಲಿ ಐದು ನಿಮಿಷ ಇಡುವುದು ನನಗೆ ಒಗ್ಗಿದ ದಾರಿ. ಆದರೆ ಕೋಶದೊಳಗಿನ ಆಕ್ಟಿನ್ ಎಳೆಗಳನ್ನೂ ಅವಕ್ಕೆ ಅಂಟುವ ಫ್ಯಾಲಾಯ್ಡಿನ್‌ನಿಂದ ನೋಡಬೇಕೆಂದರೆ ಮೆಥನಾಲ್ ಬಿಟ್ಟುಬಿಡಿ, ಅದರಲ್ಲಿಟ್ಟರೆ ಫ್ಯಾಲಾಯ್ಡಿನ್ ಹಿಡಿಯುವುದಿಲ್ಲ. ಆಗ ನಾಲ್ಕು ಶೇಕಡ ಪ್ಯಾರಾಫಾರ್ಮಾಲ್ಡಿಹೈಡ್ ಹತ್ತು ನಿಮಿಷ, ನಂತರ ಕೋಶದ ಪೊರೆಯಲ್ಲಿ ರಂಧ್ರ ಮಾಡುವ 0.1 ಶೇಕಡ ಟ್ರೈಟಾನ್ ಐದು ನಿಮಿಷ. ಉಳಿದದ್ದು ಎಲ್ಲ ಸ್ಟೇನಿಂಗ್‌ನಂತೆಯೇ: ಬ್ಲಾಕಿಂಗ್ (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ತಡೆಯುವುದು) ಒಂದು ಗಂಟೆ, ಪ್ರೋಟೀನನ್ನು ಹುಡುಕಿ ಅಂಟುವ ಮೊದಲ ಆಂಟಿಬಾಡಿ ರಾತ್ರಿಯಿಡೀ ನಾಲ್ಕು ಡಿಗ್ರಿಯಲ್ಲಿ, ಅದಕ್ಕೆ ಅಂಟಿ ಹೊಳೆಯುವ ಎರಡನೆಯದು ಕತ್ತಲಲ್ಲಿ ಒಂದು ಗಂಟೆ. ಎರಡನೆಯದನ್ನು ಮಾತ್ರ ಹಾಕಿದ ಒಂದು ಕವರ್‌ಸ್ಲಿಪ್ ಇರಲಿ. ಸುಮ್ನೆ ಹೊಳೆಯುವುದು ಎಷ್ಟು ಅಂತ ಗೊತ್ತಾಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ಎಷ್ಟು ಹೊಳೆಯುತ್ತದೆ ಅನ್ನುವುದಕ್ಕಿಂತ ಗೆರೆಯ ಆಕಾರ ಮುಖ್ಯ. ನೆಮ್ಮದಿಯಿಂದಿರುವ ಕೋಶಗಳ ಸುತ್ತ ವಿಇ-ಕ್ಯಾಡ್‌ಹೆರಿನ್ ಸಣ್ಣ, ಮುರಿಯದ ಗೆರೆ. ಕೆರಳಿದ ಕೋಶಗಳಲ್ಲಿ ಅದೇ ಗೆರೆ ಗರಗಸದ ಹಲ್ಲಿನಂತೆ, ಪಕ್ಕದಲ್ಲೇ ಆಕ್ಟಿನ್ ಎಳೆಗಳು ಅಂಚನ್ನು ಒಳಕ್ಕೆ ಜಗ್ಗುತ್ತಿರುತ್ತವೆ. ನಿಜವಾದ ಬಿರುಕು ಹೇಗಿರುತ್ತದೆ ಅಂತ ಕಣ್ಣಿಗೆ ಪರಿಚಯವಾಗಬೇಕಿದ್ದರೆ ಒಂದು ಕವರ್‌ಸ್ಲಿಪ್‌ಗೆ ಥ್ರಾಂಬಿನ್ (ರಕ್ತ ಹೆಪ್ಪುಗಟ್ಟಿಸುವ ಕಿಣ್ವ) ಹಾಕಿ. ಕೆಲವೇ ನಿಮಿಷಗಳಲ್ಲಿ ಸಂದು ತೆರೆದುಕೊಳ್ಳುತ್ತದೆ.

ಈಗ ನಾನು ಯಾವಾಗಲೂ ಏನೂ ಹಾಕದ ಕವರ್‌ಸ್ಲಿಪ್ ಅನ್ನೇ ಮೊದಲು ನೋಡುತ್ತೇನೆ. ಅದರಲ್ಲೇ ಬಿರುಕಿದ್ದರೆ ಉಳಿದವನ್ನು ಫೋಟೋ ಕೂಡ ತೆಗೆಯುವುದಿಲ್ಲ, ಎಲ್ಲ ಬಿಸಾಡಿ ಮತ್ತೆ ಕೋಶ ಬೆಳೆಸಲು ಹೋಗುತ್ತೇನೆ.