ಅನಾಥಾಶ್ರಮ ಕಟ್ಟದೆ ನಾವು ಮಾಡುತ್ತಿರುವುದು

ಕೀನ್ಯಾದಿಂದ ಊರಿಗೆ ಹೋದಾಗಲೆಲ್ಲ ಮಂಡ್ಯದ ನೆಂಟರು, ಹಳೆಯ ಕ್ಲಾಸ್‌ಮೇಟುಗಳು ಕೇಳುವ ಮೊದಲ ಪ್ರಶ್ನೆ ಒಂದೇ: "ನಿಮ್ಮ ಅನಾಥಾಶ್ರಮದಲ್ಲಿ ಎಷ್ಟು ಮಕ್ಕಳಿದ್ದಾರೆ?" ಆಶ್ರಮವೇ ಇಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ಕಟ್ಟಡ ಇಲ್ಲ, ಬೋರ್ಡ್ ಇಲ್ಲ, ಸಾಲಾಗಿ ನಿಂತು ಹಾಡು ಹೇಳುವ ಮಕ್ಕಳಿಲ್ಲ. ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ? ಅಪ್ಪ ಅಮ್ಮ ಇಲ್ಲದ ಮಕ್ಕಳನ್ನು ಸಾಕುತ್ತಿರುವ ಮನೆಗಳಿಗೇ. ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಪಶ್ಚಿಮ ಕೀನ್ಯಾದ ಕಿಸುಮು ಪಟ್ಟಣದಿಂದ ಪೂರ್ವಕ್ಕೆ ಹೊರಟರೆ ನ್ಯಾಂಡೊ ನದಿಯ ಬಯಲು ಸಿಗುತ್ತದೆ. ಅಹೆರೊ ಕಡೆ ಭತ್ತ, ಅಲ್ಲಿಂದ ಮುಂದಕ್ಕೆ ಕಬ್ಬೋ ಕಬ್ಬು. ಮಂಡ್ಯದವನಿಗೆ ಇದರಲ್ಲಿ ಹೊಸದೇನಿಲ್ಲ. ಹೊಸದು ಅನ್ನಿಸಿದ್ದು ಮನೆಗಳು. ಎಷ್ಟೋ ಮನೆಗಳಲ್ಲಿ ಅಜ್ಜಿ ಇದ್ದಾಳೆ, ಮೊಮ್ಮಕ್ಕಳಿದ್ದಾರೆ, ನಡುವಿನವರು ಇಲ್ಲ. ಕಿಸುಮು, ಸಿಯಾಯಾ, ಹೋಮಾ ಬೇ ಕೌಂಟಿಗಳು ಈ ದೇಶದಲ್ಲಿ ಎಚ್‌ಐವಿ ಅತಿ ಹೆಚ್ಚು ಕಾಡಿದ ಜಾಗಗಳು. ಉಚಿತ ಔಷಧ ಹಳ್ಳಿ ತಲುಪುವ ಹೊತ್ತಿಗೆ ಎಷ್ಟೋ ಅಪ್ಪ ಅಮ್ಮಂದಿರು ಹೋಗಿಯೇ ಬಿಟ್ಟಿದ್ದರು. ಈಗ ಔಷಧ ಇದೆ, ಜನ ಬದುಕುತ್ತಿದ್ದಾರೆ. ಆದರೂ ಹೆರಿಗೆಯಲ್ಲಿ ಸಾಯುವ ತಾಯಂದಿರಿದ್ದಾರೆ, ಬೋಡಾ ಬೋಡಾ ಬೈಕ್ ಅಪಘಾತದಲ್ಲಿ ಹೋಗುವ ಅಪ್ಪಂದಿರಿದ್ದಾರೆ. ಕೆಲಸಕ್ಕೆಂದು ನೈರೋಬಿಗೆ ಹೋಗಿ ಸುದ್ದಿಯೇ ಇಲ್ಲದವರೂ ಇದ್ದಾರೆ. ಅಂಥವರ ಮಕ್ಕಳು ಲೆಕ್ಕಕ್ಕೆ ಅನಾಥರಲ್ಲ. ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಾಗಲ್ಲ.

ಆಶ್ರಮ ಯಾಕೆ ಬೇಡ ಅಂದರೆ, ಮೊದಲನೆಯದಾಗಿ ಸರ್ಕಾರವೇ ಬಿಡುವುದಿಲ್ಲ. ಕೀನ್ಯಾ 2017ರಲ್ಲೇ ಹೊಸ ಅನಾಥಾಶ್ರಮಗಳ ನೋಂದಣಿ ನಿಲ್ಲಿಸಿತು. ಇರುವ ಆಶ್ರಮಗಳ ಮಕ್ಕಳನ್ನೂ ನಿಧಾನವಾಗಿ ನೆಂಟರ ಮನೆಗಳಿಗೆ ಸೇರಿಸಬೇಕು ಎಂಬುದು ಈಗಿನ ನೀತಿ. ಎರಡನೆಯದು ನನ್ನ ಸ್ವಂತ ಅಭಿಪ್ರಾಯ: ಆಶ್ರಮ ಇದ್ದ ಕಡೆ ಆಶ್ರಮಕ್ಕೆ ಮಕ್ಕಳು ಹುಟ್ಟಿಕೊಳ್ಳುತ್ತಾರೆ. ಅಲ್ಲಿ ಊಟ, ಯೂನಿಫಾರ್ಮ್, ಶಾಲೆ ಎಲ್ಲ ಸಿಗುತ್ತದೆ ಅಂದರೆ ಕಷ್ಟದಲ್ಲಿರುವ ಚಿಕ್ಕಮ್ಮ ತಾನೇ ಮಗುವನ್ನು ಕರೆತಂದು ಬಿಡುತ್ತಾಳೆ. ತಪ್ಪು ಅವಳದಲ್ಲ. ಅದೇ ದುಡ್ಡು ಅವಳ ಮನೆಗೇ ಹೋಗಿದ್ದರೆ ಮಗು ಅಲ್ಲೇ ಇರುತ್ತಿತ್ತು, ಅಲ್ವಾ?

ನಮ್ಮದು ಚಿಕ್ಕ ಗುಂಪು. ಸಮುದಾಯ ಗುಂಪುಗಳ ಕಾಯ್ದೆ ಅಂತ 2022ರಲ್ಲಿ ಬಂದಿದೆ, ಅದರಡಿ ನೋಂದಣಿ ಮಾಡಿಸಿದ್ದೇವೆ. ಒಬ್ಬರು ನಿವೃತ್ತ ಟೀಚರ್, ಎಲ್ಲರೂ ಅವರನ್ನು ಮ್ವಾಲಿಮು ಅಂತಲೇ ಕರೆಯುತ್ತಾರೆ. ಒಬ್ಬರು ಹಳ್ಳಿಯ ಆರೋಗ್ಯ ಕಾರ್ಯಕರ್ತೆ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆ ಮನೆ ತಿರುಗುವವರು. ಇನ್ನು ಹೆಂಗಸರ ಚಾಮಾದಿಂದ, ಅಂದರೆ ವಾರ ವಾರ ದುಡ್ಡು ಹಾಕಿ ಸಾಲ ಕೊಟ್ಟುಕೊಳ್ಳುವ ಸಂಘದಿಂದ, ಕೆಲವರು. ಯಾವ ಮನೆಗೆ ಏನು ಎಂದು ತೀರ್ಮಾನ ಮಾಡುವುದು ಇವರೇ. ನನಗೆ ಲೆಕ್ಕದ ಪುಸ್ತಕ ಮಾತ್ರ. ಹೊರಗಿನವನು, ಅದರಲ್ಲೂ ಮುಹಿಂದಿ, ಅಂದರೆ ಭಾರತೀಯ, ಹಳ್ಳಿಗೆ ಹೋಗಿ "ಯಾರು ಬಡವರು?" ಅಂತ ಕೇಳಿದರೆ ಇಡೀ ಹಳ್ಳಿಯೇ ಕೈ ಎತ್ತುತ್ತದೆ. ಎತ್ತುವುದು ನ್ಯಾಯವೂ ಹೌದು.

ಪಟ್ಟಿ ಮಾಡುವುದೇ ಇದರಲ್ಲಿ ತಲೆನೋವು. ದೊಡ್ಡವರು ತಮ್ಮ ಕಡೆಯವರ ಹೆಸರು ತೂರಿಸುತ್ತಾರೆ. ಮ್ವಾಲಿಮು ಅದನ್ನು ತಡೆಯುವ ರೀತಿ ನೋಡಬೇಕು. ಬೈಯುವುದಿಲ್ಲ, ಇಲ್ಲ ಅನ್ನುವುದಿಲ್ಲ. "ಒಳ್ಳೇದು, ನಾಳೆ ಆ ಮನೆಗೆ ಚಹಾಕ್ಕೆ ಬರ್ತೀನಿ" ಅನ್ನುತ್ತಾರೆ. ಹೋಗಿ ಅಡುಗೆಮನೆಯಲ್ಲಿ ಕೂರುತ್ತಾರೆ. ಒಲೆಯ ಮೇಲೆ ಏನಿದೆ, ಮಕ್ಕಳು ಎಲ್ಲಿ ಮಲಗುತ್ತಾರೆ, ನೀರು ತರುವುದು ಯಾರು, ಎಲ್ಲ ಕಣ್ಣಲ್ಲೇ ಅಳೆಯುತ್ತಾರೆ. ಎಷ್ಟೋ ಸಲ ಹೆಸರು ಕೊಟ್ಟವರೇ ಮಾರನೇ ದಿನ ವಾಪಸ್ ತೆಗೆದುಕೊಳ್ಳುತ್ತಾರೆ.

ಇನ್ನೊಂದು ನಿಯಮವನ್ನು ಕಮಿಟಿಯ ಹೆಂಗಸರು ಮೊದಲೇ ಹಾಕಿಬಿಟ್ಟರು: ಕೊಡುವುದು ಮನೆಗೆ, ಮಗುವಿಗಲ್ಲ. ನಮ್ಮ ಪಟ್ಟಿಯ ಒಬ್ಬ ಅಜ್ಜಿಯ ಹತ್ತಿರ ಐದು ಮೊಮ್ಮಕ್ಕಳಿದ್ದಾರೆ. ಇಬ್ಬರು ತೀರಿಕೊಂಡ ಮಗನವರು. ಮೂವರು ಊರುಬಿಟ್ಟ ಮಗಳವರು. ಒಂದೇ ಪಾತ್ರೆಯ ಉಗಾಲಿ ಮುದ್ದೆ ತಿನ್ನುವ ಐವರಲ್ಲಿ ಇಬ್ಬರಿಗೆ ಮಾತ್ರ ಹೊಸ ಶೂ ಬಂದರೆ, ಆ ಇಬ್ಬರೇ ಮನೆಯಲ್ಲಿ ಹೊರಗಿನವರಾಗುತ್ತಾರೆ. ಸೋಪು, ಸೋಲಾರ್ ದೀಪ, ಶೂ, ಕಂಬಳಿ ಏನೇ ಬಂದರೂ ಐವರಿಗೂ. ಪಟ್ಟಿಯಲ್ಲಿ ಮನೆಗಳು ಕಡಿಮೆ ಆಗುತ್ತವೆ, ಆಗಲಿ.

ಇದೇ ಅಜ್ಜಿಯ ಮನೆಯಲ್ಲಿ ಮಗನ ಹಿರಿಯ ಹುಡುಗಿಗೆ ಜನನ ಪ್ರಮಾಣಪತ್ರ ಇರಲಿಲ್ಲ. ನಮ್ಮಲ್ಲಿ ಆಧಾರ್ ಇಲ್ಲದಿದ್ದರೆ ಹೇಗೋ ಹಾಗೆ, ಇಲ್ಲಿ ಈ ಕಾಗದ ಇಲ್ಲದೆ ಶಾಲೆಯ ಆನ್‌ಲೈನ್ ದಾಖಲೆಗೂ ಪರೀಕ್ಷೆಯ ನೋಂದಣಿಗೂ ತೊಂದರೆ. ಸರ್ಕಾರಿ ಬರ್ಸರಿ, ಅಂದರೆ ವಿದ್ಯಾರ್ಥಿವೇತನದ ಅರ್ಜಿಗೂ ಅದೇ ಬೇಕು. ಅರ್ಜಿ ಹಾಕುವುದು ಈಗ ಸರ್ಕಾರದ ಇ-ಸಿಟಿಜನ್ ಪೋರ್ಟಲ್‌ನಲ್ಲಿ. ಅಜ್ಜಿಯ ಹತ್ತಿರ ಇರುವುದು ಕಬಾಂಬೆ, ಬಟನ್ ಫೋನು. ಸೈಬರ್ ಕೆಫೆಗೆ ಹೋಗಲು ಮಟಾಟು ವ್ಯಾನ್ ಹತ್ತಬೇಕು. ಸರ್ಕಾರದ ಶುಲ್ಕಕ್ಕಿಂತ ಓಡಾಟದ ಖರ್ಚೇ ಜಾಸ್ತಿ.

ಅದಕ್ಕೂ ಮೊದಲು ಮಗು ಹುಟ್ಟಿದ್ದಕ್ಕೆ ಸಾಕ್ಷಿ ಬೇಕು. ಅಜ್ಜಿ ಒಳಗೆ ಹೋಗಿ ಕಿಂಬೊ ವನಸ್ಪತಿಯ ಹಳೇ ಡಬ್ಬ ತಂದಳು. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲಸಿಕೆ ಕಾರ್ಡ್, ಸೊಸೆಯ ಐಡಿ, ಒಂದು ಪಾಸ್‌ಪೋರ್ಟ್ ಫೋಟೊ, ಮಡಿಚಿ ಮಡಿಚಿ ಹರಿದ ಚರ್ಚಿನ ಚೀಟಿ. ಮಗನ ಮರಣಪತ್ರ ಇರಲಿಲ್ಲ. ಮನೆಯಲ್ಲೇ ಸತ್ತರೆ ಅಸಿಸ್ಟೆಂಟ್ ಚೀಫ್‌ಗೆ ತಿಳಿಸಿ ದಾಖಲಿಸಬೇಕು. ಚೀಫ್, ಅಸಿಸ್ಟೆಂಟ್ ಚೀಫ್ ಅಂದರೆ ಇಲ್ಲಿ ಹಳ್ಳಿ ಮಟ್ಟದ ಸರ್ಕಾರಿ ಅಧಿಕಾರಿಗಳು. ದುಃಖದಲ್ಲಿ ಯಾರೂ ಹೋಗಿರಲಿಲ್ಲ. ಕಾರ್ಡಿನಲ್ಲಿ ಹುಡುಗಿಯ ಹೆಸರು ಒಂದು, ಶಾಲೆಯಲ್ಲಿ ಇನ್ನೊಂದು. ಇಲ್ಲಿನ ಲುವೊ ಜನ ಹುಟ್ಟಿದ ಹೊತ್ತು ನೋಡಿ ಹೆಸರಿಡುತ್ತಾರೆ. ರಾತ್ರಿ ಹುಟ್ಟಿದವಳು ಅತಿಯೆನೊ, ಬೆಳಿಗ್ಗೆ ಹುಟ್ಟಿದವಳು ಅಕಿನ್ಯಿ. ಒಂದೇ ತರಗತಿಯಲ್ಲಿ ನಾಲ್ಕು ಅತಿಯೆನೊಗಳಿದ್ದರೆ ಆಶ್ಚರ್ಯವಿಲ್ಲ. ಅದರ ಜೊತೆಗೆ ಚರ್ಚಿನ ಹೆಸರು, ಅಪ್ಪನ ಹೆಸರು ಸೇರುತ್ತವೆ. ಯಾವ ಕಾಗದದಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅನ್ನುವುದು ಬರೆದ ಕ್ಲಾರ್ಕ್‌ನ ಮರ್ಜಿ. ಮೊದಲು ಮರಣಪತ್ರ, ಆಮೇಲೆ ಚೀಫ್ ಪತ್ರ, ಆಮೇಲೆ ಹೆಸರು ಸರಿಪಡಿಸುವ ಅಫಿಡವಿಟ್, ಆಮೇಲೆ ಜನನಪತ್ರ. ಪ್ರತಿ ಹಂತಕ್ಕೂ ಯಾರಾದರೂ ಅಜ್ಜಿಯ ಜೊತೆ ಹೋಗಿ ಬೆಂಚಿನ ಮೇಲೆ ಕೂರಬೇಕು. ನಮ್ಮ ಸಂಸ್ಥೆಯ ಮುಖ್ಯ ಕೆಲಸ ಏನು ಅಂತ ಕೇಳಿದರೆ ನಾನು ಬೆಂಚಿನ ಮೇಲೆ ಕೂರುವುದು ಅನ್ನುತ್ತೇನೆ. ದಾನಿಗಳಿಗೆ ಇದರ ಫೋಟೊ ಕಳಿಸಲು ಬರುವುದಿಲ್ಲ.

ಶಾಲೆಯ ಖರ್ಚಿಗೆ ಬರೋಣ. ಕೀನ್ಯಾದಲ್ಲಿ ಪ್ರಾಥಮಿಕ ಶಿಕ್ಷಣ 2003ರಿಂದ ಉಚಿತ. 2008ರಿಂದ ಸರ್ಕಾರಿ ಡೇ ಸೆಕೆಂಡರಿ ಶಾಲೆಗಳಲ್ಲೂ ಬೋಧನಾ ಶುಲ್ಕ ಇಲ್ಲ. ಕಾಗದದ ಮೇಲೆ ಎಲ್ಲ ಸರಿ. ಮಕ್ಕಳು ಮನೆಗೆ ವಾಪಸ್ ಬರುವುದು ಮಧ್ಯಾಹ್ನದ ಊಟದ ದುಡ್ಡಿಗೆ, ಯೂನಿಫಾರ್ಮಿಗೆ, ಪರೀಕ್ಷೆ ಪೇಪರಿನ ದುಡ್ಡಿಗೆ. ಹುಡುಗಿಯರಾದರೆ ತಿಂಗಳಲ್ಲಿ ಕೆಲವು ದಿನ ಪ್ಯಾಡ್ ಇಲ್ಲದ್ದಕ್ಕೆ. ನಮ್ಮ ದುಡ್ಡು ಹೆಚ್ಚು ಹೋಗುವುದು ಇಲ್ಲಿಗೇ. ಕೈಗೆ ಕೊಡುವುದಿಲ್ಲ. ಮೊಬೈಲಿನಲ್ಲೇ ದುಡ್ಡು ಕಳಿಸುವ, 2007ರಲ್ಲಿ ಶುರುವಾದ ಎಂ-ಪೆಸಾ ಇಲ್ಲಿ ಎಲ್ಲರ ಜೀವನಾಡಿ. ಶಾಲೆಯ ಪೇಬಿಲ್ ನಂಬರಿಗೆ ಮಗುವಿನ ಅಡ್ಮಿಷನ್ ನಂಬರ್ ಹಾಕಿ ಕಳಿಸಿದರೆ ಆ ಕ್ಷಣ ಮೆಸೇಜ್ ಬರುತ್ತದೆ. ಅದು ಕಮಿಟಿಯ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಟರ್ಮ್ ಮುಗಿದಾಗ ಶಾಲೆಯ ರಸೀದಿ ಜೊತೆ ಮ್ವಾಲಿಮು ತಾಳೆ ನೋಡುತ್ತಾರೆ.

ಚಿಕ್ಕ ಮಕ್ಕಳಿಗೆ ಬೆಳಗಿನ ಉಜಿ, ಅಂದರೆ ಗಂಜಿ. ಬರೀ ಮುಸುಕಿನ ಜೋಳದ ಹಿಟ್ಟಿನದು ಅಗ್ಗ. ನಮ್ಮ ಹೆಂಗಸರು ವಿಂಬಿ ಬೆರೆಸಲೇಬೇಕು ಅಂತ ಹಟ ಹಿಡಿದರು. ವಿಂಬಿ ಅಂದರೆ ನಮ್ಮ ರಾಗಿಯೇ. ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದಲೇ ಅದು ನಮ್ಮ ಕಡೆ ಬಂದದ್ದು. ಮಾರುಕಟ್ಟೆಯಲ್ಲಿ ಮರಳು ಬೆರೆಸಿದ ವಿಂಬಿ ಗುರುತಿಸಲು ಮಾತ್ರ ನನ್ನ ಸಲಹೆ ಕೇಳುತ್ತಾರೆ. ಹಲ್ಲಿಗೆ ಹಾಕಿ ನೋಡುತ್ತೇನೆ, ಅಮ್ಮ ಮಾಡುತ್ತಿದ್ದ ಹಾಗೆ.

ನನ್ನ ಕೆಲಸದ ಅನುಭವ ನಿಜವಾಗಿ ಉಪಯೋಗಕ್ಕೆ ಬಂದದ್ದು ಜಮೀನಿನ ವಿಷಯದಲ್ಲಿ. ಅಪ್ಪ ಸತ್ತ ಮೇಲೆ ಮಕ್ಕಳ ಪಾಲಿನ ತುಂಡು ಭೂಮಿಯನ್ನು ಚಿಕ್ಕಪ್ಪನೋ ದೊಡ್ಡಪ್ಪನೋ ಕಬ್ಬಿಗೆ ಗುತ್ತಿಗೆ ಕೊಟ್ಟುಬಿಡುತ್ತಾನೆ. ಇಲ್ಲಿ ನಾಟಿ ಕಬ್ಬು ಕಟಾವಿಗೆ ಬರಲು ಒಂದೂವರೆ ವರ್ಷದ ಹತ್ತಿರ ಬೇಕು, ಅದಾದ ಮೇಲೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಬೆಳೆಗಳು. ಅಂದರೆ ಒಂದು ಸಲ ಕೊಟ್ಟರೆ ಮಕ್ಕಳು ದೊಡ್ಡವರಾಗುವವರೆಗೂ ಭೂಮಿ ಕೈಗೆ ಬರುವುದಿಲ್ಲ. ದುಡ್ಡು ಯಾರ ಹೆಸರಿಗೆ ಹೋಗುತ್ತಿದೆ ಅನ್ನುವುದು ಮನೆಯವರಿಗೇ ಗೊತ್ತಿರುವುದಿಲ್ಲ. ಕಬ್ಬಿನ ಕರಾರು ಹೇಗಿರುತ್ತದೆ, ರೈತನ ನಂಬರ್ ಎಲ್ಲಿ ಬರೆದಿರುತ್ತದೆ, ಕಡಿತಗಳು ಏನೇನು, ಇವನ್ನು ನಾನು ವಿವರಿಸಿದೆ. ಉಳಿದದ್ದನ್ನು ಮ್ವಾಲಿಮು ಮತ್ತು ಜೊಡೊಂಗೊ, ಅಂದರೆ ಕುಲದ ಹಿರಿಯರು, ಮರದ ಕೆಳಗೆ ಕೂತು ಮಾತಾಡಿ ಬಗೆಹರಿಸಿದರು.

ಒಂದು ಮನೆಯಲ್ಲಿ ಕೂಳೆಯ ದುಡ್ಡಿನ ಅರ್ಧ ಪಾಲು ಮಕ್ಕಳಿಗೆ, ಉಳಿದದ್ದು ಚಿಕ್ಕಪ್ಪನಿಗೆ ಎಂದು ಒಪ್ಪಿಗೆ ಆಯಿತು. ನನಗೆ ಪೂರ್ತಿ ಸಿಗಬೇಕಿತ್ತು ಅನ್ನಿಸಿತು. ಅಜ್ಜಿ ನಕ್ಕು, "ಆ ಅರ್ಧಕ್ಕೆ ಅವನು ನಾಳೆಯೂ ನಮ್ಮ ದನ ಕಾಯ್ತಾನೆ" ಅಂದಳು. ಅವಳ ಲೆಕ್ಕವೇ ಸರಿ. ಇನ್ನೊಂದು ಮನೆಯಲ್ಲಿ ಮಾತಿಗೆ ಬಗ್ಗಲಿಲ್ಲ, ಭೂಮಿ ಮಾರುವ ಮಾತು ನಡೆದಿತ್ತು. ಆಗ ವಕೀಲರನ್ನು ಹಿಡಿದು ಭೂ ದಾಖಲೆ ಕಚೇರಿಯಲ್ಲಿ ಕಾಶನ್ ಹಾಕಿಸಿದೆವು. ಅದು ಇರುವವರೆಗೆ ಆ ಭೂಮಿ ಸುಮ್ನೆ ಕೈ ಬದಲಾಯಿಸುವಂತಿಲ್ಲ. ವಾರಸುದಾರಿಕೆಯ ಅರ್ಜಿಗೆ ಚೀಫ್ ಪತ್ರದಲ್ಲಿ ಮಕ್ಕಳೆಲ್ಲರ ಹೆಸರು ಬರಬೇಕು. ಅಲ್ಲಿಗೆ ಮತ್ತೆ ಜನನಪತ್ರ ಬೇಕೇ ಬೇಕು.

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಈ ಭಾಗದ ದೊಡ್ಡ ಯೋಜನೆಗಳಿಗೆ ಏಟು ಬಿತ್ತು. 2003ರಲ್ಲಿ ಶುರುವಾದ ಅವರ ಏಡ್ಸ್ ಕಾರ್ಯಕ್ರಮದಲ್ಲಿ ನೂರಕ್ಕೆ ಹತ್ತು ಪಾಲು ಅನಾಥ ಮತ್ತು ಕಷ್ಟದಲ್ಲಿರುವ ಮಕ್ಕಳಿಗೆ ಎಂದು ಮೀಸಲಿತ್ತು. ಮನೆ ಮನೆಗೆ ಬರುತ್ತಿದ್ದ ಕಾರ್ಯಕರ್ತರು ಬರುವುದು ನಿಂತಿತು. ಜನ ನಮ್ಮ ಬಾಗಿಲಿಗೆ ಬಂದರು. ಆ ಜಾಗ ತುಂಬುವ ಶಕ್ತಿ ನಮಗಿಲ್ಲ, ಹಾಗಂತ ನೇರವಾಗಿಯೇ ಹೇಳಿದೆವು. ಒಂದನ್ನು ಮಾತ್ರ ಕೈಗೆತ್ತಿಕೊಂಡೆವು: ಕ್ಲಿನಿಕ್ಕಿಗೆ ಹೋಗುವ ಮಕ್ಕಳ ಬಸ್ ಚಾರ್ಜು. ಯಾವ ಮಗು ಯಾವ ಮಾತ್ರೆಗೆ ಹೋಗುತ್ತದೆ ಎಂದು ಕಮಿಟಿ ಕೇಳುವುದಿಲ್ಲ. ಆರೋಗ್ಯ ಕಾರ್ಯಕರ್ತೆ ಹೆಸರಿಲ್ಲದೆ ಸಂಖ್ಯೆ ಕೊಡುತ್ತಾರೆ, ನಾನು ಅಷ್ಟು ಹಾಕುತ್ತೇನೆ. ಹಾಸ್ಟೆಲ್ಲಿಗೆ ಹೋದ ಹುಡುಗರು ಗೆಳೆಯರಿಗೆ ಕಾಣಬಾರದೆಂದು ಮಾತ್ರೆ ಬಿಡುವುದುಂಟು. ಅಂಥವರನ್ನು ಡೇ ಸ್ಕೂಲಿಗೆ ಬದಲಾಯಿಸಿ ಎಂದು ಆರೋಗ್ಯ ಕಾರ್ಯಕರ್ತೆ ಹೇಳಿದರೆ ಕಾರಣ ಕೇಳದೆ ಬದಲಾಯಿಸುತ್ತೇವೆ.

ದುಡ್ಡು ಬರುವುದು ನನ್ನ ಸಹೋದ್ಯೋಗಿಗಳಿಂದ, ಕಿಸುಮುವಿನ ಕೆಲವು ಅಂಗಡಿಯವರಿಂದ, ಊರಿನ ಗೆಳೆಯರಿಂದ. ಒಂದು ಶಿಲ್ಲಿಂಗ್ ಅಂದರೆ ಎಪ್ಪತ್ತು ಪೈಸೆ ಆಸುಪಾಸು, ಹಾಗಾಗಿ ಸಣ್ಣ ಮೊತ್ತಕ್ಕೂ ಬೆಲೆ ಇದೆ. 80ಜಿ ತೆರಿಗೆ ರಿಯಾಯಿತಿ ಸಿಗುತ್ತಾ ಅಂತ ಕೇಳುತ್ತಾರೆ. ಇಲ್ಲ, ಇದು ಹೊರದೇಶದ ಗುಂಪು. ಮಗುವಿನ ಫೋಟೊ ಕಳಿಸಿ ಅನ್ನುತ್ತಾರೆ. ಅದೂ ಇಲ್ಲ. ರಸೀದಿ ಕಳಿಸುತ್ತೇವೆ, ಹೆಸರು ಮುಚ್ಚಿ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಮರೆಯುವವರಿಗಿಂತ ತಿಂಗಳು ತಿಂಗಳು ಐನೂರು ರೂಪಾಯಿ ಕೊಡುವವರು ನಮಗೆ ಬೇಕು. ಯಾಕೆಂದರೆ ಜನವರಿಯಲ್ಲಿ ಟರ್ಮ್ ಶುರುವಾದ ಹುಡುಗಿಗೆ ಮೇನಲ್ಲೂ ಆಗಸ್ಟ್‌ನಲ್ಲೂ ಊಟ ಬೇಕು.

ಕಿಂಬೊ ಡಬ್ಬದ ಕಾರ್ಡಿನ ಹುಡುಗಿ ಈಗ ಕೌಂಟಿಯ ವೃತ್ತಿ ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಕಲ್ ವೈರಿಂಗ್ ಕಲಿಯುತ್ತಿದ್ದಾಳೆ. ಟೈಲರಿಂಗ್ ಸೇರು ಅಂತ ಅಜ್ಜಿ ಹೇಳಿದ್ದಳು, ಕೇಳಲಿಲ್ಲ. ಕೋರ್ಸ್ ಮುಗಿದ ಮೇಲೆ ಟೂಲ್ ಬಾಕ್ಸ್ ಬೇಕು. ಟೆಸ್ಟರ್, ಪ್ಲೈಯರ್, ಡ್ರಿಲ್, ಮಲ್ಟಿಮೀಟರ್ ಎಲ್ಲ ಸೇರಿದರೆ ಒಂದು ಟರ್ಮಿನ ಊಟದ ದುಡ್ಡಿಗಿಂತ ಜಾಸ್ತಿಯೇ ಆಗುತ್ತದೆ. ಉಡುಗೊರೆಯಾಗಿ ಕೊಡಿ ಅನ್ನುವುದು ನನ್ನ ವಾದ. ಚಾಮಾದ ಹೆಂಗಸರು ಸಾಲವಾಗಿ ಕೊಡಿ ಅನ್ನುತ್ತಾರೆ, ಅವಳು ಸಂಘದ ಸದಸ್ಯೆಯಾಗಲಿ, ಕಂತು ಕಟ್ಟಲಿ, ನಾಳೆ ಅವಳೂ ಈ ಕಮಿಟಿಯಲ್ಲಿ ಕೂರಲಿ ಅಂತ. ಮ್ವಾಲಿಮು ಇನ್ನೂ ಬಾಯಿ ಬಿಟ್ಟಿಲ್ಲ. ಹುಡುಗಿಯನ್ನೇ ಕೇಳಿದರೆ, ಬಾಕ್ಸ್ ಯಾವಾಗ ಬರುತ್ತೆ ಅಂತಷ್ಟೇ ಕೇಳುತ್ತಾಳೆ.