ಬಯಲುಸೀಮೆಯವರನ್ನು ನೇತ್ರಾಣಿಯ ನೀರಿಗಿಳಿಸಿದ್ದು: ನನ್ನ ಅನುಭವ

ಕಳೆದ ಜನವರಿಯಲ್ಲಿ ಗಂಗಾವತಿ, ಕಾರಟಗಿ ಕಡೆಯ ಹನ್ನೆರಡು ಜನರನ್ನು ಮುರುಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕ್ಲಿಂಗ್ ಮಾಡಿಸಲು ಕರೆದುಕೊಂಡು ಹೋಗಿದ್ದೆ. ಅಂದರೆ ಕಣ್ಣು-ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಲ್ಲಿ ಹಿಡಿದ ಕೊಳವೆಯಿಂದ ಉಸಿರಾಡುತ್ತ, ತೇಲುತ್ತಲೇ ನೀರೊಳಗಿನದನ್ನು ನೋಡುವುದು. ಹತ್ತು ಜನ ನೀರಿಗಿಳಿದರು. ಒಬ್ಬರೂ ಅರ್ಧಕ್ಕೆ ದೋಣಿ ಹತ್ತಲಿಲ್ಲ. ಉಳಿದಿಬ್ಬರು ಇಳಿಯಲ್ಲ ಅಂತ ಮೊದಲೇ ಹೇಳಿದ್ದ ಅಜ್ಜಿಯರು, ಅವರ ವಿಷಯ ಆಮೇಲೆ ಹೇಳ್ತೀನಿ. ನಮ್ಮ ಭಾಗದಿಂದ ಗುಂಪು ಕಟ್ಟಿಕೊಂಡು ಹೋಗುವವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತು.

'ನಮ್ಮ ಮಂದಿಗೆ ಡ್ಯಾಮೇ ಸಮುದ್ರ. ಅಲ್ಲಿ ಹೋಗಿ ವಾಂತಿ ಮಾಡ್ಕೊಂಡು ಬರ್ತಾರ ಅಷ್ಟ' ಅಂತ ಹೊಸಪೇಟೆಯ ಟ್ರಾವೆಲ್ಸ್ ಅಣ್ಣ ಒಬ್ಬರು ಹೇಳಿದ್ದರು. ಮೊದಮೊದಲು ಕರೆದೊಯ್ದ ಗುಂಪುಗಳಲ್ಲಿ ಆಗಿದ್ದೂ ಹೆಚ್ಚುಕಡಿಮೆ ಹಾಗೇ. ಕಾಲುವೆಯಲ್ಲಿ ಈಜಿ ಬೆಳೆದ ಹುಡುಗರೇ ಎಲ್ಲರಿಗಿಂತ ಮುಂಚೆ ಹೆದರುತ್ತಿದ್ದರು. ಲೈಫ್ ಜಾಕೆಟ್ ಇದೆ, ಮುಳುಗುವ ಮಾತೇ ಇಲ್ಲ. ಆದರೂ ಮುಖ ನೀರಿಗಿಟ್ಟ ತಕ್ಷಣ ಮಾಸ್ಕ್ ಕಿತ್ತು ಹಾಕುತ್ತಿದ್ದರು. ತೊಂದರೆ ಈಜಿನದಲ್ಲ, ಉಸಿರಿನದು. ಮಾಸ್ಕ್ ಮೂಗು ಮುಚ್ಚುತ್ತೆ. ಅಭ್ಯಾಸಬಲದಿಂದ ಮೂಗಿನಲ್ಲೇ ಎಳೆಯಲು ಹೋದರೆ ಗಾಳಿ ಸಿಗಲ್ಲ, ಎದೆ ಬಿಗಿಯುತ್ತೆ. ದೋಣಿಯ ಮೇಲೆ ಕೊಡುವ ಹತ್ತು ನಿಮಿಷದ ಪಾಠ ಇದಕ್ಕೆ ಸಾಲಲ್ಲ. ತಲೆಗೆ 3,000 ಹತ್ತಿರ ಕಟ್ಟಿದವರು ಐದೇ ನಿಮಿಷಕ್ಕೆ ಮೇಲೆ ಬಂದರೆ ದುಡ್ಡು ವಾಪಸ್ ಕೇಳದೆ ಬಿಡ್ತಾರಾ? ಒಂದು ಗುಂಪಿಗೆ ನನ್ನ ಕೈಯಿಂದಲೇ 15,000 ಆಸುಪಾಸು ಹೋಯಿತು.

ಆಮೇಲೆ ಪಾಠವನ್ನು ನಮ್ಮ ಮನೆ ಮಾಳಿಗೆಗೆ ತಂದೆ. ಸ್ಟೂಲ್ ಮೇಲೆ 20 ಲೀಟರಿನ ಟಬ್, ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ. ಕೂತು, ಬಗ್ಗಿ, ಮುಖ ಮುಳುಗಿಸಿ ಕೊಳವೆಯಿಂದ ಉಸಿರಾಡಬೇಕು. ಮೊದಲು ಎರಡು ನಿಮಿಷ, ಆಮೇಲೆ ಹತ್ತು. ಅದು ಸಲೀಸಾದ ಮೇಲೆ, ಹೇಳದೆ ಕೇಳದೆ ಕೊಳವೆಯ ಬಾಯಿಗೆ ಮೇಲಿಂದ ಅರ್ಧ ಲೋಟ ನೀರು ಹುಯ್ಯುತ್ತೇನೆ. ತಲೆ ಎತ್ತುವಂತಿಲ್ಲ. 'ಫೂ' ಅಂತ ಒಂದೇ ಉಸಿರಿಗೆ ಊದಿ ಹೊರಗೆ ಹಾಕಬೇಕು. ಕಾರಟಗಿಯ ಅಕ್ಕ ಒಬ್ಬರು ಊದಿದ ರಭಸಕ್ಕೆ ಸುತ್ತ ನಿಂತವರೆಲ್ಲ ತೊಯ್ದರು. ಸಮುದ್ರದಲ್ಲಿ ಅಲೆ ಕೊಳವೆಗೆ ನುಗ್ಗಿದಾಗ ಅವರೇ ಎಲ್ಲರಿಗಿಂತ ನೆಮ್ಮದಿಯಾಗಿದ್ದರು.

ಇನ್ನೊಂದು ತೊಂದರೆ ಉಪ್ಪಿನದು. ಬಾಯಿಗೆ ಉಪ್ಪುನೀರು ಬಂದ ಕೂಡಲೇ ಹೊಸಬರು ಗಾಬರಿಯಾಗ್ತಾರೆ. ಸಮುದ್ರದಲ್ಲಿ ಲೀಟರಿಗೆ 35 ಗ್ರಾಂನಷ್ಟು ಉಪ್ಪು ಇರುತ್ತೆ. ಅದೇ ಲೆಕ್ಕದಲ್ಲಿ ಟಬ್ಬಿಗೆ 700 ಗ್ರಾಂ ಹಾಕಿಬಿಟ್ಟೆ. ಆ ರುಚಿ ಬಾಯಿಗೆ ಗೊತ್ತಾದರೆ ಅರ್ಧ ಭಯ ಹೋಯಿತು. ಕೊನೆಗೆ ಹೊಸಪೇಟೆಯಲ್ಲಿ ಈಜುಕೊಳವನ್ನು ಗಂಟೆ ಲೆಕ್ಕದಲ್ಲಿ ಹಿಡಿದು ಒಂದು ಸುತ್ತು. ಹೊಳೆಯಲ್ಲೇ ಕಲಿಸಬಾರದಾ ಅಂತ ಕೇಳ್ತಾರೆ. ಖಂಡಿತ ಬೇಡ, ತುಂಗಭದ್ರೆಯಲ್ಲಿ ಮೊಸಳೆಗಳಿವೆ.

ಮೀಸೆಯದ್ದು ದೊಡ್ಡ ತಲೆನೋವು. ಮೂಗಿನ ಕೆಳಗೆ ಮಾಸ್ಕಿನ ಸಿಲಿಕಾನ್ ಅಂಚು ಕೂರುವ ಕಿರುಬೆರಳಗಲದ ಜಾಗದಲ್ಲಿ ಕೂದಲಿದ್ದರೆ ನೀರು ಒಸರುತ್ತಲೇ ಇರುತ್ತೆ. ಮೀಸೆ ತೆಗೀರಿ ಅಂದರೆ ನಮ್ಮಲ್ಲಿ ಯಾರೂ ಕೇಳಲ್ಲ. ಅಷ್ಟು ಜಾಗಕ್ಕೆ ವ್ಯಾಸಲೀನ್ ದಪ್ಪಗೆ ಮೆತ್ತಿದರೆ ನಿಲ್ಲುತ್ತೆ. ಹೊಸ ಮಾಸ್ಕ್ ಗಾಜನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿ ಜಿಡ್ಡು ತೆಗೀಬೇಕು. ಆಮೇಲೆ ಮಂಜು ಕಟ್ಟದಂತೆ ಎಲ್ಲರೂ ಬೇಬಿ ಶಾಂಪೂ ಹಚ್ಚುತ್ತಾರೆ. ನಾನು ಹಚ್ಚುವುದು ಬೇರೆ, ಅದನ್ನು ಇಲ್ಲಿ ಹೇಳಲ್ಲ.

ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಗ್ಗೆ ನೇರ ದೋಣಿ ಹತ್ತಿಸುವ ಪದ್ಧತಿ ಬಿಟ್ಟಿದ್ದೇನೆ. ಅರಬೈಲು ಘಟ್ಟದ ತಿರುವುಗಳಲ್ಲಿ ಕೆಟ್ಟ ಹೊಟ್ಟೆ, ಮೇಲೆ ಒಂದೂವರೆ ಗಂಟೆ ದೋಣಿಯ ತೂಗಾಟ. ತಡೆಯಲ್ಲ. ಈಗ ಮುಂಚಿನ ದಿನ ಸಂಜೆಯೇ ಮುರುಡೇಶ್ವರ ಸೇರಿ ಮಲಗುತ್ತೇವೆ. ಬೆಳಗ್ಗೆ ಒಗ್ಗರಣಿ-ಮಿರ್ಚಿ ಇಲ್ಲ, ಎರಡು ಇಡ್ಲಿ ಅಷ್ಟೇ. ವಾಂತಿ ಮಾತ್ರೆ ಬೇಕಾದವರು ಡಾಕ್ಟರನ್ನು ಕೇಳಿಕೊಂಡು, ದೋಣಿ ಹತ್ತುವ ಅರ್ಧ-ಮುಕ್ಕಾಲು ಗಂಟೆ ಮುಂಚೆ ತಗೊಳ್ತಾರೆ.

ಖರ್ಚು ಹೇಳಿಬಿಡ್ತೀನಿ. ಟೆಂಪೋ ಟ್ರಾವೆಲರ್ ಹೋಗಿ ಬರಲು ಹತ್ತಿರ ಹತ್ತಿರ 700 ಕಿ.ಮೀ., ಡ್ರೈವರ್ ಭತ್ಯೆ, ಟೋಲ್ ಸೇರಿ 18,000. ದೋಣಿಗೆ 33,000. ರೂಮು, ಊಟ 20,000. ತಲೆಗೆ 6,500 ತಗೊಂಡಿದ್ದೆ. ಉಳಿದದ್ದು 7,000. ಜಾಸ್ತಿ ಅಲ್ಲ, ಆದರೆ ಯಾರೂ ವಾಪಸ್ ಕೇಳಲಿಲ್ಲ. ಹಿಂದೊಮ್ಮೆ ಗಾಳಿ ಎದ್ದು ದೋಣಿ ಹೋಗದಿದ್ದಾಗ ಒಬ್ಬ ದೋಣಿಯವರು ಪೂರ್ತಿ ಅಡ್ವಾನ್ಸ್ ಇಟ್ಟುಕೊಂಡರು. ಅಂದಿನಿಂದ ಅರ್ಧಕ್ಕಿಂತ ಜಾಸ್ತಿ ಮುಂಗಡ ಕೊಡಲ್ಲ.

ನೀರಿಗಿಳಿಯದವರೂ ಮೀನು ನೋಡಲಿ ಅಂತ ನಡುವೆ ಒಂದು ಪ್ರಯೋಗ ಮಾಡಿದ್ದೆ. ಕಿಟಕಿ ಮಾಡುವವರ ಹತ್ತಿರ 600 ರೂಪಾಯಿಗೆ ಗಾಜಿನ ತಳದ ಅಲ್ಯುಮಿನಿಯಂ ಡಬ್ಬಿ ಮಾಡಿಸಿ, ಆನೆಗೊಂದಿಯಲ್ಲಿ ತೆಪ್ಪದಿಂದ ಹೊಳೆಗೆ ಇಳಿಬಿಟ್ಟು ನೋಡಿದೆ. ಹಸಿರು ರಾಡಿ ಬಿಟ್ಟು ಏನೂ ಕಾಣಲಿಲ್ಲ. ಆದರೆ ತಲೆ ಎತ್ತಿದರೆ ಬಂಡೆ ಮೇಲೆ ನೀರುನಾಯಿಗಳ ಸಂಸಾರ! ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ಅವುಗಳ ಸಂರಕ್ಷಿತ ತಾಣ. ಬೆಳ್ಳಂಬೆಳಗ್ಗೆ, ಮಾತಿಲ್ಲದೆ ಹೋದರೆ ಕಾಣುತ್ತವೆ.

ಅದೇ ಡಬ್ಬಿಯನ್ನು ನೇತ್ರಾಣಿಗೆ ಒಯ್ದೆ. ಅಲ್ಲಿ ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತೆ. ಅಜ್ಜಿಯರಿಬ್ಬರೂ ದೋಣಿಯಿಂದಲೇ ಡಬ್ಬಿಯೊಳಗೆ ಕಣ್ಣಿಟ್ಟು ಚಿಟ್ಟೆಮೀನು ನೋಡಿದರು. ಇಳಿದ ಹುಡುಗನೊಬ್ಬ ಗಿಳಿಮೀನು ಹವಳ ಕಡಿಯುವ ಕಟಕಟ ಸದ್ದು ಕೇಳಿಸಿತು ಅಂತ ಕೂಗಿದ. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತು ಹೊಡೆಯುತ್ತಿತ್ತು. ಬರುವಾಗ ದಡದ ಹತ್ತಿರ ಡಾಲ್ಫಿನ್‌ಗಳೂ ಸಿಕ್ಕವು. ಸನ್‌ಸ್ಕ್ರೀನ್ ಯಾರಿಗೂ ಹಚ್ಚಲು ಬಿಟ್ಟಿರಲಿಲ್ಲ, ಕೆಲವದರಲ್ಲಿ ಹವಳಕ್ಕೆ ಕೆಡುಕಾಗುವ ರಾಸಾಯನಿಕ ಇರುತ್ತೆ. ಎಲ್ಲರಿಗೂ ತುಂಬುತೋಳಿನ ಅಂಗಿಯೇ.

ಮುಂದಿನ ಸೀಸನ್ನಿಗೆ ಸಿಂಧನೂರಿನ ಮೇಷ್ಟ್ರುಗಳ ಗುಂಪು ಕೇಳಿದೆ. ನಾಲ್ಕೈದು ಜನಕ್ಕೆ ಕನ್ನಡಕ. ಪವರ್ ಗಾಜಿನ ಮಾಸ್ಕ್ ಎರಡು ತರಿಸಿದ್ದೇನೆ, ಎರಡಕ್ಕೂ ಸೇರಿ 5,000 ಹತ್ತಿರ ಆಯಿತು. ಉಳಿದವು ಅವರ ಕನ್ನಡಕದ ನಂಬರ್ ಬಂದ ಮೇಲೆ.