ಹುಳು ಹೊರಗೆ ಬರುವುದು ಎಲ್ಲಿಂದ? ಪ್ಯಾರಸಿಟಾಲಜಿ ಓದು ಅಲ್ಲಿಂದ ಶುರು

ಪ್ಯಾರಸಿಟಾಲಜಿ ಅಂದರೆ ಬೇರೆ ಜೀವಿಯ ಮೈಯಲ್ಲಿ ಬದುಕುವ ಹುಳು, ಉಣುಗಿನಂಥ ಪರಾವಲಂಬಿಗಳ ಓದು. ಇದರಲ್ಲಿ ಹುಡುಗರು ಹೆದರುವುದು ಹುಳುಗಳಿಗಲ್ಲ, ಹೆಸರುಗಳಿಗೆ. ಫ್ಯಾಸಿಯೋಲಾ ಜೈಗಾಂಟಿಕಾ, ಟಾಕ್ಸೊಕಾರಾ ವಿಟುಲೋರಮ್, ಹೆಮಾಫೈಸಾಲಿಸ್ ಸ್ಪಿನಿಜೆರಾ. ನಾಲಿಗೆಯಲ್ಲೇ ಹೊರಳುವುದಿಲ್ಲ, ಇನ್ನು ತಲೆಯಲ್ಲಿ ನಿಲ್ಲುವುದೆಲ್ಲಿ? ನಾನೂ ಮೊದಲ ಇಂಟರ್ನಲ್ಸ್‌ಗೆ ಹೆಸರುಗಳನ್ನೇ ಉರು ಹೊಡೆದು ಹೋಗಿದ್ದೆ. ಮಾರನೇ ದಿನ ಒಂದೂ ನೆನಪಿರಲಿಲ್ಲ. ಆದರೆ ಕೊಟ್ಟಿಗೆ, ಗದ್ದೆ, ಬ್ಯಾಣ ನೋಡಿ ಬೆಳೆದ ಮಲೆನಾಡಿನ ಹುಡುಗ ಹುಡುಗಿಯರಿಗೆ ಈ ವಿಷಯ ಅರ್ಧ ಗೊತ್ತೇ ಇರುತ್ತದೆ, ಗೊತ್ತಿದೆ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ.

ಎಲ್ಲಿ ಓದುವುದು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸು, ಇಷ್ಟವಾದರೆ ಮುಂದೆ ಇದೇ ವಿಷಯದಲ್ಲಿ ಎರಡು ವರ್ಷದ ಎಂವಿಎಸ್ಸಿ, ಅಂದರೆ ಪಶುವೈದ್ಯಕೀಯದ ಸ್ನಾತಕೋತ್ತರ ಪದವಿ, ಮಾಡಬಹುದು. ಎಂಬಿಬಿಎಸ್‌ನಲ್ಲಿ ಇದು ಮೈಕ್ರೋಬಯಾಲಜಿಯ ಒಂದು ಭಾಗ. ಇನ್ನೊಂದು ದಾರಿ ಬಿಎಸ್ಸಿ ಮುಗಿಸಿ ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ, ಅದಕ್ಕೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದೆ. ಸೀಟಿನ ನಿಯಮ ವರ್ಷ ವರ್ಷ ಬದಲಾಗುತ್ತದೆ, ಅದಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟೇ ನೋಡಿ, ಅವರಿವರ ಮಾತು ಕೇಳಬೇಡಿ.

ಈಗ ಓದುವ ವಿಚಾರ. ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಒಂದು ಹುಳುವಿಗೆ ಒಂದು ಪುಟ. ಹೆಸರನ್ನು ಮೇಲೆ ಬರೆಯಬೇಡಿ, ಕೊನೆಗೆ ಬರೆಯಿರಿ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ: ಯಾರ ಮೈಯೊಳಗೆ ಯಾವ ಅಂಗದಲ್ಲಿ ಇರುತ್ತದೆ, ಅಲ್ಲಿಂದ ಹೊರಗೆ ಬರುವುದು ಹೇಗೆ, ಹೊರಗೆ ಎಲ್ಲಿ ಬೆಳೆಯುತ್ತದೆ, ಮತ್ತೆ ಒಳಗೆ ಹೋಗುವುದು ಹೇಗೆ. ಇವುಗಳಲ್ಲಿ ಎರಡನೇದೇ ಮುಖ್ಯ. ಯಾಕೆ ಅಂತ ನನಗೆ ದೊಡ್ಡಪ್ಪನ ಎಮ್ಮೆ ಕಲಿಸಿತು.

ರಜೆಗೆ ಊರಿಗೆ ಹೋಗಿದ್ದೆ. ಎಮ್ಮೆ ಬಡವಾಗಿತ್ತು, ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ. ಸಗಣಿ ತಂದು ನಾನು ಕಲಿತಿದ್ದ ಒಂದೇ ಪರೀಕ್ಷೆ ಮಾಡಿದೆ, ಉಪ್ಪುನೀರಲ್ಲಿ ತೇಲಿಸುವುದು. ನೀರಲ್ಲಿ ಇನ್ನು ಕರಗುವುದೇ ಇಲ್ಲ ಅನ್ನುವಷ್ಟು ಉಪ್ಪು ಹಾಕಿ, ಸಗಣಿ ಕದಡಿ, ಟೀ ಜರಡಿಯಲ್ಲಿ ಸೋಸಿ, ಟ್ಯೂಬಿನ ಬಾಯಿಗೆ ಕವರ್ ಸ್ಲಿಪ್ ಮುಚ್ಚಿ ಹದಿನೈದು ನಿಮಿಷ ಬಿಟ್ಟರೆ ಮೊಟ್ಟೆಗಳು ಮೇಲೆ ಬಂದು ಗಾಜಿಗೆ ಅಂಟಿಕೊಳ್ಳುತ್ತವೆ. ಮೂರು ಸಲ ಮಾಡಿದೆ. ಏನೂ ಇಲ್ಲ. ಹುಳು ಇಲ್ಲ ದೊಡ್ಡಪ್ಪ, ಅಂದುಬಿಟ್ಟೆ. ವಾರ ಬಿಟ್ಟು ಫೋನ್ ಬಂತು. ‘ಎಂಥ ಮಾರಾಯ, ನೀ ಓದಿದ್ದು ಸುಳ್ಳೋ, ಎಮ್ಮೆ ಗದ್ದ ಸುಳ್ಳೋ?’

ಸುಳ್ಳಾಗಿದ್ದು ನನ್ನ ಉಪ್ಪುನೀರು. ದುಂಡುಹುಳುವಿನ ಮೊಟ್ಟೆ ಹಗುರ, ತೇಲುತ್ತದೆ. ಲಿವರ್ ಫ್ಲೂಕ್‌ನಂಥ (ಮೊದಲು ಹೇಳಿದ ಫ್ಯಾಸಿಯೋಲಾ ಇದೇ) ಚಪ್ಪಟೆ ಹುಳುವಿನ ಮೊಟ್ಟೆ ಭಾರ, ಉಪ್ಪುನೀರಲ್ಲಿ ತೇಲದೆ ತಳದಲ್ಲೇ ಉಳಿಯುತ್ತದೆ. ನಾನು ಮೇಲೆ ಹುಡುಕುತ್ತಿದ್ದೆ, ಅದು ಕೆಳಗೆ ಕೂತಿತ್ತು. ಇದಕ್ಕೆ ತಳಕ್ಕೆ ಇಳಿಸುವ ಪರೀಕ್ಷೆ ಬೇಕು. ಅಡಿಕೆ ಗಾತ್ರದ ಸಗಣಿಯನ್ನು ಬರೀ ನೀರಲ್ಲಿ ಕದಡಿ, ಸೋಸಿ, ಐದು ನಿಮಿಷ ಬಿಟ್ಟು ಮೇಲಿನ ನೀರು ಚೆಲ್ಲಿ. ಮತ್ತೆ ನೀರು ಹಾಕಿ, ಮತ್ತೆ ಚೆಲ್ಲಿ. ನೀರು ತಿಳಿಯಾಗುವ ತನಕ ಇದೇ ಕೆಲಸ. ಉಳಿದ ಗಸಿಗೆ ಒಂದು ಹನಿ ಮಿಥಿಲೀನ್ ಬ್ಲೂ ಹಾಕಿ ಸ್ಲೈಡ್ ಮೇಲೆ ಇಡಿ. ಕಸವೆಲ್ಲ ನೀಲಿಯಾಗುತ್ತದೆ, ಫ್ಲೂಕ್ ಮೊಟ್ಟೆ ಮಾತ್ರ ಪಿತ್ತದ ಬಣ್ಣ ಹಿಡಿದು ಹಾಲಿಲ್ಲದ ಕಣ್ಣ ಚಹಾದ ಹಾಗೆ ಹಳದಿಕಂದು, ಒಂದು ತುದಿಗೆ ಸಣ್ಣ ಮುಚ್ಚಳ. ಅದೇ ಆಕಾರದ, ಮುಚ್ಚಳವೂ ಇರುವ, ಆದರೆ ಬಣ್ಣವಿಲ್ಲದ ಮೊಟ್ಟೆ ಕಂಡರೆ ಅದು ಹೊಟ್ಟೆಯಲ್ಲಿರುವ ಆಂಫಿಸ್ಟೋಮ್ ಅನ್ನುವ ಇನ್ನೊಂದು ಚಪ್ಪಟೆ ಹುಳುವಿನದು. ಫ್ಲೂಕ್ ಪಿತ್ತನಾಳದಲ್ಲಿ ಇರುವುದು, ಆಂಫಿಸ್ಟೋಮ್ ಮೆಲುಕು ಚೀಲದಲ್ಲಿ ಇರುವುದು. ಎಲ್ಲಿಂದ ಹೊರಟಿತು ಅಂತ ಗೊತ್ತಿದ್ದರೆ ಬಣ್ಣ ಯಾಕೆ ಬಂತು ಅಂತ ಉರು ಹೊಡೆಯಬೇಕಾಗಿಲ್ಲ ಅಲ್ವಾ?

ಇನ್ನೂ ಮಜಾ ಬೇಕಾ? ಕೆಲವು ದನ ನಿಂತಲ್ಲೇ ಗೊರಕೆ ಹೊಡೆಯುತ್ತವೆ. ಶೀತ ಅಂದುಕೊಂಡು ಬಿಡುತ್ತಾರೆ. ಅದು ಶಿಸ್ಟೊಸೋಮಾ ನೇಸೇಲ್ ಅನ್ನುವ ಹುಳುವಿನ ಕೆಲಸ ಇರಬಹುದು, ಅದು ಮೂಗಿನ ರಕ್ತನಾಳದಲ್ಲಿ ಇರುತ್ತದೆ. ಮೊಟ್ಟೆ ಹೊರಗೆ ಬರುವುದು ಸಿಂಬಳದಲ್ಲಿ. ಸಗಣಿಯನ್ನು ವರ್ಷಗಟ್ಟಲೆ ನೋಡಿದರೂ ಸಿಗುವುದಿಲ್ಲ. ಸಿಂಬಳ ನೋಡಿದರೆ ಬಾಗಿದ ಬೂಮರಾಂಗ್ ಆಕಾರದ ಮೊಟ್ಟೆ, ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಳೆ ಕರುವಿನ ದುಂಡುಹುಳು ಟಾಕ್ಸೊಕಾರಾದ್ದು ಬೇರೆ ಕಥೆ. ಅದು ಹೊಟ್ಟೆಗೆ ಹೋಗುವುದೇ ತಾಯಿ ಹಾಲಿನ ಜೊತೆ, ಕೊಟ್ಟಿಗೆ ಎಷ್ಟು ತೊಳೆದರೂ ಪ್ರಯೋಜನ ಅಷ್ಟಕ್ಕಷ್ಟೇ.

ಲ್ಯಾಬಿನಲ್ಲಿ ಯಾರೂ ಹೇಳದ ಎರಡು ಮಾತು. ಮೊಟ್ಟೆ ನೋಡುವಾಗ ಬೆಳಕು ಕಡಿಮೆ ಮಾಡಿ, ಮೈಕ್ರೋಸ್ಕೋಪಿನಲ್ಲಿ ಸ್ಲೈಡಿಗೆ ಬೆಳಕು ಕೂಡಿಸುವ ಕಂಡೆನ್ಸರ್ ಸ್ವಲ್ಪ ಕೆಳಗಿಳಿಸಿ. ಜಾಸ್ತಿ ಬೆಳಕಿಗೆ ಬಣ್ಣವಿಲ್ಲದ ಮೊಟ್ಟೆ ಮಾಯವಾಗುತ್ತದೆ. ಗಾಳಿಗುಳ್ಳೆಗೂ ಹೂವಿನ ಪರಾಗಕ್ಕೂ ಮೋಸ ಹೋಗಬೇಡಿ, ಮೊಟ್ಟೆಗೆ ಒಂದು ಸರಿಯಾದ ಸಿಪ್ಪೆ, ಒಳಗೊಂದು ತಿರುಳು ಇರುತ್ತದೆ. ಮತ್ತೆ, ಸಗಣಿಯನ್ನು ಬಿಸಿಲಲ್ಲಿ ಬಸ್ಸಿನ ಸೀಟಿನ ಕೆಳಗೆ ಇಟ್ಟುಕೊಂಡು ಬಂದು, ಸಂಜೆ ಮರೆತು, ಮಾರನೇ ದಿನ ನೋಡಿದರೆ ಮೊಟ್ಟೆಗಳು ಒಡೆದು ಮರಿ ಓಡಾಡುತ್ತಿರಬಹುದು, ಎಣಿಕೆ ಎಲ್ಲ ಎಡವಟ್ಟು. ಐಸ್ ಡಬ್ಬದಲ್ಲಿ ತನ್ನಿ, ಫ್ರಿಜ್ಜಿನಲ್ಲಿಡಿ. ಮನೆ ಫ್ರಿಜ್ಜಲ್ಲಿ ಬೇಡ, ಅಮ್ಮನ ಹತ್ತಿರ ಬೈಸಿಕೊಳ್ಳುತ್ತೀರಿ.

ಮೈಮೇಲಿನ ಜೀವಿಗಳಿಗೆ ಬಂದರೆ ನಮ್ಮ ಜಿಲ್ಲೆಯದೇ ಪಾಠ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪತ್ತೆಯಾದದ್ದು ಮಂಗನ ಕಾಯಿಲೆ. ಕಾಯಿಲೆ ತರುವುದು ವೈರಸ್, ಅದು ಬೇರೆ ಪೇಪರ್. ನಮ್ಮ ಪೇಪರಿಗೆ ಬರುವುದು ಅದನ್ನು ಹೊತ್ತು ತಿರುಗುವ ಉಣುಗು, ಹೆಮಾಫೈಸಾಲಿಸ್. ಮೊಟ್ಟೆಯಿಂದ ಬಂದ ಮರಿಗೆ ಆರು ಕಾಲು, ಅದರ ಮುಂದಿನ ಹಂತವಾದ ನಿಂಫ್‌ಗೆ ಎಂಟು. ಪ್ರತಿ ಸಲ ರಕ್ತ ಕುಡಿದು ಕೆಳಗೆ ಬಿದ್ದು, ಪೊರೆ ಬಿಟ್ಟು, ಬೇರೊಂದು ಪ್ರಾಣಿ ಹತ್ತುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ನಿಂಫ್, ಬೇಸಿಗೆಗೆ ಸೊಪ್ಪು ದರಗು ತರಲು ಹೋದವರಿಗೆ. ದನದ ಮೈಮೇಲಿನ ಇನ್ನೊಂದು ಉಣುಗು ರೈಪಿಸೆಫಾಲಸ್ ಮೈಕ್ರೊಪ್ಲಸ್ ಹೀಗಲ್ಲ, ಮರಿಯಾಗಿ ಹತ್ತಿದ್ದು ಅದೇ ದನದ ಮೇಲೆ ದೊಡ್ಡದಾಗಿ ಮೊಟ್ಟೆ ಇಡಲಷ್ಟೇ ಇಳಿಯುತ್ತದೆ. ದನ ಕಾಫಿ ಬಣ್ಣದ ಮೂತ್ರ ಮಾಡಿತು ಅಂದರೆ ಈ ಉಣುಗು ರಕ್ತಕಣದೊಳಗೆ ಬದುಕುವ ಬಬೇಸಿಯಾ ಅನ್ನುವ ಪರಾವಲಂಬಿಯನ್ನು ದಾಟಿಸಿರಬಹುದು. ಆಗ ಕಿವಿಯಿಂದ ಒಂದು ಹನಿ ರಕ್ತ, ಅದನ್ನು ಸ್ಲೈಡ್ ಮೇಲೆ ತೆಳುವಾಗಿ ಸವರಿದ ಸ್ಮಿಯರ್, ಜೀಮ್ಸಾ ಬಣ್ಣ, ಮೈಕ್ರೋಸ್ಕೋಪಿನ ನೂರರ ಲೆನ್ಸು.

ಉಣುಗು ಹಿಡಿಯಲು ಬಿಳಿ ಫ್ಲಾನೆಲ್ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆಯುತ್ತಾರೆ. ಒಬ್ಬರೇ ಹೋಗಬೇಡಿ, ಅನುಮತಿ ಇಲ್ಲದೆ ಕಾಡಿಗೆ ಹೋಗಬೇಡಿ, ಮಂಗ ಸತ್ತ ಜಾಗಕ್ಕಂತೂ ಹೋಗಲೇಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ. ಇದರಲ್ಲಿ ಪೌರುಷ ಬೇಡ.

ಕೊನೆಗೆ ನನಗಿಷ್ಟವಾದ ಪ್ರಾಕ್ಟಿಕಲ್. ಗದ್ದೆ ಕಾಲುವೆಯ ನೀರಿನ ಬಸವನಹುಳು ನಾಲ್ಕಾರು ತನ್ನಿ, ಗ್ಲೌಸ್ ಹಾಕಿಕೊಂಡೇ. ಒಂದೊಂದನ್ನು ಒಂದೊಂದು ಗಾಜಿನ ಟ್ಯೂಬಿನಲ್ಲಿ ಕ್ಲೋರಿನ್ ಇಲ್ಲದ ತಿಳಿನೀರು ಹಾಕಿ ಬೆಳಕಿಗೆ ಇಡಿ. ಒಂದೆರಡು ಗಂಟೆ ಸುಮ್ನೆ ಬಿಡಿ. ಅದೃಷ್ಟ ಇದ್ದರೆ ನೀರಲ್ಲಿ ಬಿಳಿ ಧೂಳಿನಂಥದ್ದು ಕುಣಿಯಲು ಶುರುವಾಗುತ್ತದೆ, ಅವೇ ಸರ್ಕೇರಿಯಾ, ಬಸವನಹುಳುವಿನೊಳಗೆ ಬೆಳೆದು ಹೊರಬಂದ ಚಪ್ಪಟೆ ಹುಳುಗಳ ಮರಿ. ಒಂದು ಹನಿ ತೆಗೆದು ನೋಡಿ. ಒಂದೇ ಬಾಲ ಇದ್ದರೆ ಅದು ಲಿವರ್ ಫ್ಲೂಕ್‌ನದ್ದೂ ಆಗಿರಬಹುದು, ಅದು ಹುಲ್ಲಿಗೆ ಅಂಟಿ ಚಿಪ್ಪು ಕಟ್ಟಿಕೊಂಡು ಎಮ್ಮೆಯ ಬಾಯಿಗೆ ಕಾಯುತ್ತದೆ. ಬಾಲ ತುದಿಯಲ್ಲಿ ಕವಲೊಡೆದಿದ್ದರೆ ಅದು ಗೊರಕೆ ಹುಳುವಿನ ಜಾತಿ ಇರಬಹುದು. ಹುಲ್ಲಿನ ಹಂಗು ಆ ಜಾತಿಗಿಲ್ಲ, ನೇರ ಚರ್ಮ ಕೊರೆದು ಹೋಗುತ್ತದೆ. ಆ ಟ್ಯೂಬಿಗೆ ಬರಿಗೈ ಹಾಕಬೇಡಿ. ನಟ್ಟಿ ಮಾಡಿ ಬಂದವರು ಸಂಜೆ ಕಾಲು ಕೆರೆದುಕೊಳ್ಳುತ್ತಾ ಕೂರುವುದಕ್ಕೆ ಇವೂ ಒಂದು ಕಾರಣ.